ಮೊಮ್ಮಗಳ ಮೊದಲ ಸೂಜಿ

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಹಡಗಿನ ಅಡುಗೆಮನೆಯಲ್ಲಿ ನಿಂತು ನಿಂತು ಬರುತ್ತಿದ್ದ ಮಂಡಿನೋವು ಕಡಿಮೆಯಾಯಿತೇ? ಎಲ್ಲರಿಗೂ ಬಡಿಸಿ ತಾನು ಅರೆಹೊಟ್ಟೆಯಲ್ಲಿ ಮಲಗುವ ನಿನ್ನ ಚಾಳಿ ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ತಿನ್ನು. ನಾನು ಚೆನ್ನಾಗಿದ್ದೇನೆ. ಹೊಲಿಗೆ ಅಂಗಡಿಯಲ್ಲಿ ಶಾಲೆ ಮಕ್ಕಳ ಬಟ್ಟೆ ರಾಶಿ ಬಿದ್ದಿದೆ, ಆದರೆ ಇವತ್ತು ಮೆಷಿನ್ ಮುಟ್ಟುವುದಿಲ್ಲ. ನಿನ್ನ ಸೋದರಸೊಸೆ ಗುಂಡು ಗೆದ್ದಳು ಕಣೋ!

ಮೊದಲಿಂದ ಹೇಳುತ್ತೇನೆ, ಬೈಯಬೇಡ. ನಿನ್ನ ತಂಗಿ ಬಸುರಿಯಾಗಿದ್ದಾಗ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂಬ ವೈರಸ್ ಕಂಡಿತ್ತು. ಲಿವರ್‌ನಲ್ಲಿ ಮನೆ ಮಾಡಿಕೊಂಡು ವರ್ಷಗಟ್ಟಲೆ ಸದ್ದಿಲ್ಲದೆ ಕೂರುವ ಕಳ್ಳ ಅದು. ನೀರಿನ ನಡುವೆ ಕೂತು ನೀನು ಕೊರಗುತ್ತೀಯೆಂದು ಬರೆದಿರಲಿಲ್ಲ. ಡಾಕ್ಟರಮ್ಮ ನನ್ನ ರಕ್ತವನ್ನೂ ನೋಡಿದರು. ನನ್ನಲ್ಲೂ ಇತ್ತು! ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ದಾಟುತ್ತದಂತೆ. ನಿನ್ನ ತಂಗಿಗೂ ನನ್ನಿಂದ ಹಾಗೇ ಬಂದಿರಬೇಕು ಎಂದರು. ಹೆತ್ತವಳು ಕೊಟ್ಟ ಬಳುವಳಿ ಇದೇನಾ ಎಂದು ಅಲ್ಲೇ ಬಿಕ್ಕಿದೆ. "ಅಳೋದ್ಯಾಕಮ್ಮಾ? ನಿಮಗೇ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ, ಮಗೂಗೆ ದಾಟದ ಹಾಗೆ ನೋಡ್ಕೊಳ್ಳೋಣ" ಎಂದು ನನ್ನ ಕೈ ಹಿಡಿದರು, ಪುಣ್ಯಾತ್ಗಿತ್ತಿ.

ನಿನ್ನ ತಂಗಿ ಕೊನೆಯ ತಿಂಗಳುಗಳಲ್ಲಿ ತಪ್ಪದೆ ಮಾತ್ರೆ ನುಂಗಿದಳು. ಗುಂಡು ಹುಟ್ಟಿ ಮೈ ಒರೆಸಿದ್ದೇ ತಡ, ಒಂದೊಂದು ತೊಡೆಗೆ ಒಂದೊಂದು ಸೂಜಿ: ಒಂದರಲ್ಲಿ ಲಸಿಕೆ, ಇನ್ನೊಂದರಲ್ಲಿ ಆ ಲಸಿಕೆ ಕೆಲಸ ಶುರುಮಾಡುವವರೆಗೆ ಕಾವಲಿರುವ ಔಷಧ. ಅಬ್ಬಾ, ಅವಳ ಕಿರುಚಾಟ! ಅಷ್ಟು ದೊಡ್ಡ ಬಸ್ಸು ಓಡಿಸುವ ನಮ್ಮ ಅಳಿಯ ಗೋಡೆಗೆ ಮುಖ ಹಾಕಿ ಮಗಳಿಗಿಂತ ಜೋರಾಗಿ ಅತ್ತ. ಬಾಣಂತಿಗೆ ಮಾತ್ರ ಮಗುವನ್ನು ಮುಟ್ಟಲೂ ಅಂಜಿಕೆ. "ಮುತ್ತು ಕೊಡಬಹುದಾ ಸಿಸ್ಟರ್?" ಎಂದು ಕೇಳಿದಳು. "ಹಾಲೂ ಕೊಡಿ, ಮುತ್ತೂ ಕೊಡಿ, ಮಗೂನೇ ಸಾಕು ಅನ್ನೋವಷ್ಟು" ಎಂದಳು ನರ್ಸ್. ಆಮೇಲೆ ನೋಡಬೇಕಿತ್ತು, ಕೂಸಿನ ಕೆನ್ನೆಗೆ ಬಿಡುವೇ ಇಲ್ಲ!

ಉಳಿದ ಲಸಿಕೆಗಳೂ ಮುಗಿದವು. ಗುಂಡು ಈಗ ಕುರ್ಚಿ ಹಿಡಿದು ನಿಲ್ಲುತ್ತಾಳೆ. ನಿನ್ನೆ ಅವಳ ರಕ್ತಪರೀಕ್ಷೆಯ ಫಲಿತಾಂಶ ಬಂತು. "ಸೋಂಕು ಇಲ್ಲ. ರಕ್ಷಣೆ ಚೆನ್ನಾಗಿ ಬಂದಿದೆ" ಎಂದರು ಡಾಕ್ಟರಮ್ಮ, ಅಷ್ಟರಲ್ಲಿ ನಮ್ಮ ಪೋಕರಿ ಅವರ ಕನ್ನಡಕಕ್ಕೇ ಕೈ ಹಾಕಿದ್ದಳು. ನಿನ್ನ ತಂಗಿ ನಗುತ್ತಾ ಅಳುತ್ತಾ ಕಾರಿಡಾರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಗುರುತಿಲ್ಲದ ಒಬ್ಬ ಅಜ್ಜ ಎದ್ದು ಚಪ್ಪಾಳೆ ತಟ್ಟಿಬಿಟ್ಟರು! ನನ್ನ ಎದೆ ಹೂವಿನಷ್ಟು ಹಗುರಾಗಿದೆ ಮಗನೇ.

ಸಮುದ್ರ ನಿನ್ನನ್ನು ತಣ್ಣಗೆ ಇಟ್ಟಿರಲಿ. ನೂರು ಕಾಲ ಬಾಳು.

ನಿನ್ನ
ಅಮ್ಮ

ಮರೆತೆನೆಂದುಕೊಳ್ಳಬೇಡ, ಬರೆಯಲು ಕೈ ಬರಲಿಲ್ಲ: ನೀನೂ ಇದೇ ಹೊಟ್ಟೆಯಲ್ಲಿ ಹುಟ್ಟಿದವನು. ಮುಂದಿನ ಬಂದರಿನಲ್ಲಿ ಇಳಿದ ಕೂಡಲೇ ರಕ್ತಪರೀಕ್ಷೆ ಮಾಡಿಸು. ಇದ್ದರೆ ನೋಡಿಕೊಳ್ಳುವ ಡಾಕ್ಟರಿದ್ದಾರೆ, ಇಲ್ಲದಿದ್ದರೆ ಲಸಿಕೆ ಇದೆ. ಅಮ್ಮ ನೊಂದುಕೊಳ್ಳುತ್ತಾಳೆಂದು ಮುಚ್ಚಿಡಬೇಡ ಕಂದಾ. ಏನೇ ಬಂದರೂ ಮೊದಲು ನನಗೇ ಹೇಳು.