ಎದುರು ಟೀಮಿನ ಹುಡುಗಿ

ಏಪ್ರಿಲ್ 19, ಭಾನುವಾರ

ಬೆಳಿಗ್ಗೆಯಿಂದ ಹದಿನಾಲ್ಕು ಡಜನ್ ಪೆರೊಹೆ ಮಡಚಿದೆ. ಆಲೂಗಡ್ಡೆ ತುಂಬಿದ ಕಡುಬು ಅಷ್ಟೆ, ಆದರೆ ಐಸ್ ರಿಂಕ್ ಕ್ಯಾಂಟೀನಿನಲ್ಲಿ ಅದಿಲ್ಲದಿದ್ದರೆ ನಮ್ಮೂರಿಗೆ ಮಂಜುಗಡ್ಡೆಯ ಮೇಲಿನ ಹಾಕಿ ರುಚಿಸುವುದಿಲ್ಲ. ಬೆರಳು ಸೆಟೆದುಕೊಂಡಿದೆ. ಕ್ಯಾಂಟೀನಿನ ಜೊತೆಗಾತಿ ಸ್ಟೆಫ್ಕಾ ಹತ್ತು ಡಜನ್ ಮಡಚಿ ಇಪ್ಪತ್ತು ಡಜನ್ ಎಂದು ಕೊಚ್ಚಿಕೊಂಡಳು.

ನಾಲ್ಕಕ್ಕೆ ಬಸ್ಸುಗಳು ಬಂದವು. ಇಡೀ ದೇಶದಿಂದ ಆರೇ ಕ್ಲಬ್ಬು, ಎಲ್ಲ ಹದಿನೆಂಟರೊಳಗಿನ ಹುಡುಗಿಯರು. ಊರಲ್ಲಿರುವುದು ಒಂದು ಮೋಟೆಲು, ಹನ್ನೆರಡು ಕೋಣೆ. ಅದಕ್ಕೇ ಹಳೆಯ ರೂಢಿ — ಬಂದವರನ್ನು ಮನೆಮನೆಗೆ ಹಂಚುವುದು. ನಮ್ಮ ಪಾಲಿಗೆ ಬಂದವಳು ಒಫೆಲಿ. ಕ್ವಿಬೆಕ್‌ನವಳು. ಹದಿನಾರು ವರ್ಷ. ಗೋಲ್‌ಕೀಪರು.

ಮೊಮ್ಮಗಳು ಲೆಸ್ಯಾ ಮುಖ ಹುಳ್ಳಗೆ ಮಾಡಿದಳು.

"ಅಜ್ಜೀ, ಅವಳ ಮೇಲೆ ನಾನು ಗೋಲು ಹೊಡೀಬೇಕು. ನೀನು ಅವಳಿಗೇ ಬೆಣ್ಣೆ ಹಚ್ಚಿ ತಿನ್ನಿಸ್ತೀಯಾ?"

"ನಿಂಗೂ ಹಚ್ತೀನಿ. ಹೊಡಿ ಹೋಗು, ಬೇಡ ಅಂದೋರ್ಯಾರು?"

ನಾಯಿಯ ಹೆಸರು ಬುರ್ಯಾಕ್, ಹಾಗೆಂದರೆ ನಮ್ಮ ಹಿರಿಯರ ಭಾಷೆಯಲ್ಲಿ ಬೀಟ್‌ರೂಟು ಎಂದೆ. ಕೆಂಚು ನಾಯಿಯನ್ನು ನೋಡಿ ಹುಡುಗಿ ಬಿಕ್ಕಳಿಕೆ ಬರುವಷ್ಟು ನಕ್ಕಳು. ಊಟ ಮುಗಿಯುವವರೆಗೂ ಮೂಗಿನಲ್ಲೇ ಅದನ್ನು ಹಾಡಿದಳು. ಬುರ್ಯಾಕ್, ಬುರ್ಯಾಕ್.

ಮನೆಯ ನಿಯಮ ಹೇಳಿದೆ. ಊಟದ ಮೇಜಿನಲ್ಲಿ ಆಟದ ಮಾತಿಲ್ಲ. ಇಲ್ಲಿ ಕಂಡ ನೋವು, ಊತ, ಕುಂಟು — ಯಾವುದೂ ಹೊಸ್ತಿಲು ದಾಟುವುದಿಲ್ಲ. ಹಿಂದೊಮ್ಮೆ ಸ್ಟೆಫ್ಕಾ ತನ್ನ ಮನೆಯಲ್ಲಿದ್ದ ಹುಡುಗಿಯ ಉಳುಕಿದ ಮಣಿಕಟ್ಟಿನ ಸುದ್ದಿ ಕ್ಯಾಂಟೀನಿನಲ್ಲಿ ಬಾಯಿಬಿಟ್ಟಳು. ಎದುರಿನವರು ಆ ಕೈಯನ್ನೇ ಹುಡುಕಿ ಹುಡುಕಿ ಬಡಿದರು. ಎರಡು ಚಳಿಗಾಲ ಸ್ಟೆಫ್ಕಾ ಜೊತೆ ಮಾತು ಬಿಟ್ಟಿದ್ದೆ.

ಏಪ್ರಿಲ್ 21, ಮಂಗಳವಾರ

ನಮ್ಮವರು ಒಫೆಲಿಯವರ ಎದುರು ಸೋತರು, 2–1. ಇನ್ನೂ ಮೊದಲ ಸುತ್ತು, ಪರವಾಗಿಲ್ಲ.

ಲೆಸ್ಯಾ ಬಿರುಸಾಗಿ ನುಗ್ಗಿದಳು, ತಡೆಯಲಾಗಲಿಲ್ಲ, ನೇರ ಒಫೆಲಿಯ ಮೈಮೇಲೆ. ಹುಡುಗಿಯ ತಲೆಯ ಹಿಂಭಾಗ ಗೋಲಿನ ಕಬ್ಬಿಣದ ಕಂಬಕ್ಕೆ ಬಡಿಯಿತು. ಆ ಸದ್ದು ಕ್ಯಾಂಟೀನಿಗೆ ಕೇಳಿಸಿತು. ಎದ್ದಳು, ಕೈ ಬೀಸಿದಳು, ಆಡಿ ಮುಗಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮೂರ್ಖಿ.

ಏಪ್ರಿಲ್ 22, ಬುಧವಾರ, ಮಧ್ಯಾಹ್ನ

ಇವತ್ತು ಅವರಿಗೆ ಆಟವಿಲ್ಲ. ಒಫೆಲಿ ಅಡುಗೆಮನೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಳು. ಹಬ್ಬದಿಂದ ಉಳಿದ ಸಿಹಿ ಬ್ರೆಡ್ಡು ಕೊಟ್ಟೆ, ಮೊನ್ನೆ ನಾಲ್ಕು ಚೂರು ತಿಂದವಳು ಮುಟ್ಟಲಿಲ್ಲ. ನಾಯಿ ಬಂದು ಮೊಣಕಾಲಿಗೆ ಒರಗಿತು.

"ಮುದ್ದಾಗಿದೆ. ಏನಜ್ಜಿ ಇದರ ಹೆಸರು?"

ಹೇಳಿದೆ. ನಗಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಅದೇ ಮುಖ, ಅದೇ ಮಾತು.

ನನ್ನ ಕೈಯ ಸೌಟು ನಿಂತಿತು.

"ನೋಡು ಮಗಾ, ತಲೆ ನೋಯ್ತಿದೆಯಾ?"

"ಇಲ್ಲ."

"ಸುಳ್ಳು ನನ್ನ ಮುಂದೆ ಹೇಳ್ಬೇಡ. ನಿನ್ನ ವಯಸ್ಸಲ್ಲಿ ನಾನು ಅದರಲ್ಲಿ ನಿನಗಿಂತ ಗಟ್ಟಿಗಿತ್ತಿ."

ಅವಳ ಕಣ್ಣು ತುಂಬಿತು. "ಸ್ವಲ್ಪ ಮಂಜು ಮಂಜು, ಅಷ್ಟೆ. ಶನಿವಾರ ಫೈನಲ್ಲು ಅಜ್ಜಿ. ಯೂನಿವರ್ಸಿಟಿ ಕೋಚುಗಳು ನೋಡೋಕೆ ಬರ್ತಾರೆ. ಹೊಸ್ತಿಲು ದಾಟಲ್ಲ ಅಂದ್ರಲ್ಲ ನೀವು. ನಿಮ್ಮ ಮನೆ ನಿಯಮ ಅಲ್ವಾ?"

ನಾಯಿಯ ಹೆಸರು ಮರೆತವಳಿಗೆ ನನ್ನ ನಿಯಮ ಮಾತ್ರ ನೆನಪಿದೆ.

ಹೂಂ ಅಂದುಬಿಟ್ಟೆ.

ಏಪ್ರಿಲ್ 23

ಆಡಿದಳು. ಗೆದ್ದರು. ಬರೆಯಲು ಮನಸ್ಸಿಲ್ಲ.

ಏಪ್ರಿಲ್ 24, ಶುಕ್ರವಾರ, ಸಂಜೆ

ಸೆಮಿಫೈನಲ್ಲು ಎರಡೂ ಮುಗಿದವು. ನಮ್ಮವರೂ ಗೆದ್ದರು, ಒಫೆಲಿಯವರೂ ಗೆದ್ದರು. ನಾಳೆ ಎರಡು ಗಂಟೆಗೆ ಇವರಿಬ್ಬರೇ ಎದುರುಬದುರು.

ಒಫೆಲಿಯ ಆಟದುದ್ದಕ್ಕೂ ನಾನು ಕುದಿಯುವ ನೀರಿನ ಮುಂದೆ ಜಾಲರಿ ಸೌಟು ಹಿಡಿದು ನಿಂತೇ ಇದ್ದೆ. ಪೆರೊಹೆ ಒಡೆದು ಗಂಜಿಯಾಯಿತು. "ಮುದುಕಿಗೆ ಯಾರ ಮೇಲೆ ಮನಸ್ಸಾಯ್ತೋ!" ಎಂದು ಸ್ಟೆಫ್ಕಾ ನಕ್ಕಳು. ಪಕ್ ಹಾರಿ ಬಂದಾಗಲೆಲ್ಲ — ಅಂಗೈಯಗಲದ ಕರಿ ರಬ್ಬರು ಬಿಲ್ಲೆ ಅದು, ಕಲ್ಲಿನಂತೆ — ಹುಡುಗಿ ಒಂದು ಗಳಿಗೆ ತಡವಾಗಿ ತಿರುಗುತ್ತಿದ್ದಳು. ನನಗೆ ಕಂಡದ್ದು ಬೇರೆ ಯಾರಿಗೂ ಕಾಣಲಿಲ್ಲವೇ?

ಮನೆಗೆ ಬಂದು ಹಿತ್ತಲಲ್ಲಿ ವಾಂತಿ ಮಾಡಿದಳು. ನೀರು ಹಾಕಿ ತೊಳೆದೆ.

ಒಳಗೆ ಬಂದರೆ ರೋಮನ್ ನಿಂತಿದ್ದ. ನನ್ನ ಮಗ, ಲೆಸ್ಯಾಳ ಅಪ್ಪ. ನೆಲಮಾಳಿಗೆಯಿಂದ ಹಗಲು ಹೊತ್ತು ಮೇಲೆ ಬರುವವನಲ್ಲ. ಕಪ್ಪು ಕನ್ನಡಕ ಹಾಕಿದ್ದ.

"ಅಮ್ಮಾ, ಆ ಹುಡುಗಿ ನನ್ನ ಹಾಗೇ ಕೂರ್ತಾಳೆ. ಕಿಟಕಿಗೆ ಬೆನ್ನು ಹಾಕಿ."

ಬಕೆಟ್ಟು ಕೆಳಗಿಟ್ಟೆ.

"ನಂಗೆ ಮಾಡಿದ್ದನ್ನೇ ಅವಳಿಗೂ ಮಾಡ್ತೀಯಾ?"

ಗದರಿ ಹೇಳಿದ್ದರೆ ತಿರುಗಿ ಗದರುತ್ತಿದ್ದೆ. ಮೆಲ್ಲಗೆ ಹೇಳಿದ.

ಅವನಿಗೆ ಆಗ ಹದಿನೇಳು, ಅವನೂ ಹಾಕಿ ಆಡುತ್ತಿದ್ದ. ತಲೆಗೆ ಪೆಟ್ಟು ಬಿದ್ದ ಮಾರನೆಯ ದಿನ ಬೂಟುಗಳನ್ನು ಓವನ್ನಿನೊಳಗೆ ಇಟ್ಟು ಬಾಗಿಲು ಹಾಕಿದ್ದ. ಕಂಡೆ. "ಅಮ್ಮಾ, ಕೋಚಿಗೆ ಹೇಳ್ಬೇಡ" ಎಂದ. ಹೇಳಲಿಲ್ಲ. ಆಮೇಲೆ ಇನ್ನೆರಡು ಪೆಟ್ಟು. ಈಗ ನಲವತ್ತಾರು. ಒಂದು ದೀಪ ಹಾಕಿದರೆ ಎರಡು ದಿನ ಮಲಗುತ್ತಾನೆ.

ಲೆಸ್ಯಾ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

"ಅಜ್ಜೀ, ನೀನು ಹೇಳಿದ್ರೆ ಊರೇನನ್ನತ್ತೆ ಗೊತ್ತಾ? ಗೋಲ್‌ಕೀಪರನ್ನ ಬೀಳಿಸಿದ್ದು ಮೊಮ್ಮಗಳು, ಹೊರಗೆ ಹಾಕ್ಸಿದ್ದು ಅಜ್ಜಿ ಅಂತಾರೆ. ಇದು ನನ್ನ ಕೊನೇ ವರ್ಷ. ಆ ಮೆಡಲನ್ನ ನಾನು ಹೇಗೆ ಹಾಕ್ಕೊಳ್ಲಿ?"

"ಮತ್ತೇನು, ಸುಮ್ಮನಿರ್ಲಾ?"

ಅವಳು ಅಪ್ಪನ ಕನ್ನಡಕವನ್ನೇ ನೋಡುತ್ತಿದ್ದಳು.

ಏಪ್ರಿಲ್ 25, ಶನಿವಾರ, ಬೆಳಿಗ್ಗೆ ಹನ್ನೊಂದು

ಹೇಳಿಬಿಟ್ಟೆ.

ಒಂಬತ್ತಕ್ಕೇ ರಿಂಕಿಗೆ ಹೋದೆ, ಒಳ್ಳೆಯ ಕೋಟು ಹಾಕಿಕೊಂಡು. ಅವರ ಕೋಚು ಮಿರೆಯ್ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಫೈನಲ್ ದಿನ ಬೆಳಿಗ್ಗೆ ಎದುರು ಟೀಮಿನ ಅಜ್ಜಿ ಬಂದು, ನಿಮ್ಮ ಗೋಲ್‌ಕೀಪರನ್ನ ಕೂರ್ಸಿ ಅಂತಾರೆ. ನಾನೇನು ಅಂದ್ಕೋಬೇಕು ಹೇಳಿ?"

"ಏನಾದ್ರೂ ಅಂದ್ಕೋ ತಾಯಿ. ಆ ಮಗುನ ಕರ್ದು ನಮ್ಮನೆ ನಾಯಿ ಹೆಸರು ಕೇಳು."

"ನಾಯಿ ಹೆಸರಾ?"

"ಆರು ದಿನದಿಂದ ಅದು ಅವಳ ಕಾಲ ಮೇಲೇ ಮಲಗತ್ತೆ. ಮೊದಲನೇ ದಿನ ಆ ಹೆಸರನ್ನ ಹಾಡಾಗಿ ಹಾಡಿದ್ಲು."

ಒಫೆಲಿ ಬಂದಳು, ಕಾಲಿಗೆಲ್ಲ ದಪ್ಪ ಕಾಪು ಕಟ್ಟಿಕೊಂಡು. ನನ್ನನ್ನು ನೋಡಿದ ಕೂಡಲೇ ಎಲ್ಲ ಗೊತ್ತಾಯಿತು. ಕೋಚು ಕೇಳಿದಳು. ಹುಡುಗಿ ನಕ್ಕಳು, ತುಟಿ ಅಲುಗಿಸಿದಳು, ಗೋಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಮೊದಲ ಅಕ್ಷರವನ್ನಾದರೂ ಕೊಡಿ ಎನ್ನುವ ಕಣ್ಣು.

ಕೊಡಲಿಲ್ಲ. ದೇವರೇ, ನಾಲಿಗೆಯ ತುದಿಯಲ್ಲಿತ್ತು.

ಮಿರೆಯ್ ಬೆಂಚಿನ ಮೇಲೆ ಕುಸಿದು ಕೂತಳು. ಡಾಕ್ಟರನ್ನು ಕರೆಸಿದರು.

"ನೀವು ಮಾತು ಕೊಟ್ಟಿದ್ರಿ," ಎಂದಳು ಒಫೆಲಿ. ಅಷ್ಟೆ. ಮುಖ ತಿರುಗಿಸಿದಳು.

ಎರಡಕ್ಕೆ ಆಟ. ಕ್ಯಾಂಟೀನಿಗೆ ಹೋಗಲೇಬೇಕು.

ಅದೇ ದಿನ, ಸಂಜೆ ಆರು

ಅವರ ಎರಡನೆಯ ಗೋಲ್‌ಕೀಪರು ಹದಿನೈದರ ಪುಟಾಣಿ. ಹೆಲ್ಮೆಟ್ಟೇ ಆಡುತ್ತಿದೆಯೇನೋ ಅನ್ನಬೇಕು. ಊರಿನ ಜನ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಒಬ್ಬ ಬೆನ್ನು ತಟ್ಟಿದ. "ಭೇಷ್ ಪರಸ್ಕಾ, ಒಳ್ಳೆ ಕೆಲಸ ಮಾಡ್ದೆ!" ಕೈಯಲ್ಲಿದ್ದ ಸೌಟಿನಲ್ಲೇ ಬಾರಿಸಬೇಕೆನಿಸಿತು.

ಆ ಪುಟಾಣಿ ಒಂದನ್ನೂ ಬಿಡಲಿಲ್ಲ. ಮೂವತ್ತೆಂಟು ಹೊಡೆತ. ಮೂವತ್ತೆಂಟನ್ನೂ ತಡೆದಳು. ಕೊನೆಯ ನಿಮಿಷದಲ್ಲಿ ಲೆಸ್ಯಾ ಒಬ್ಬಳೇ ಎದುರಿಗೆ ಸಿಕ್ಕಳು, ಗೋಲು ಬಾಯಿ ತೆರೆದಿತ್ತು. ಹೊಡೆದಳು. ಪುಟಾಣಿಯ ಕಾಲ್ಬೆರಳಿಗೆ ತಾಗಿ ಹೊರಗೆ ಹೋಯಿತು.

1–0. ಅವರೇ ಚಾಂಪಿಯನ್ನು.

ಸ್ಟೆಫ್ಕಾ ಕೈ ಒರೆಸುತ್ತಾ ಬಂದಳು.

"ತಲೆಗೆ ಮಂಜು ಕವಿದ ಹುಡುಗೀನ ಗೋಲಲ್ಲಿ ನಿಲ್ಲೋಕೆ ಬಿಟ್ಟಿದ್ರೆ ನಾವು ಐದು ಗೋಲು ಹೊಡೀತಿದ್ವಿ. ನೀನು ನಮ್ಮೂರವಳೇನೇ?"

"ಐದಾ? ನಿನ್ನ ಇಪ್ಪತ್ತು ಡಜನ್ ಹಾಗೆ."

"ಮಣಿಕಟ್ಟಿಗೆ ನನ್ನನ್ನ ಎರಡು ವರ್ಷ ದೂರ ಇಟ್ಟೆ. ಈಗ ನಿನ್ನನ್ನ ಎಷ್ಟು ವರ್ಷ ಇಡ್ಬೇಕು?"

ಬೆಳಿಗ್ಗೆ ಅವರಿಗೆ ಕಳ್ಳಿ, ಸಂಜೆ ಊರಿಗೆ ದ್ರೋಹಿ. ಕೋಟು ಒಂದೇ.

ಲೆಸ್ಯಾ ಸ್ಕೇಟ್ಸನ್ನು ಬಾಗಿಲ ಬಳಿ ಎಸೆದು ಕೋಣೆ ಸೇರಿದಳು.

ಏಪ್ರಿಲ್ 27, ಸೋಮವಾರ, ಬೆಳಿಗ್ಗೆ

ಅವರ ಬಸ್ಸು ನಿನ್ನೆ ಹೋಯಿತು, ಒಫೆಲಿಯನ್ನು ಬಿಟ್ಟು. ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರೆ. ಕತ್ತಲೆ ಕೋಣೆ, ನಿದ್ದೆ, ಫೋನಿಲ್ಲ. ಇನ್ನೊಂದು ಪೆಟ್ಟು ಬಿದ್ದಿದ್ದರೆ ಎಂದು ಏನೋ ಹೇಳಲು ಹೊರಟು ನನ್ನ ಮುಖ ನೋಡಿ ನಿಲ್ಲಿಸಿದರು. ಅವಳ ತಾಯಿ ನಾಳೆ ಬರುತ್ತಾಳೆ.

ಹುಡುಗಿ ನನ್ನ ಜೊತೆ ಮಾತಾಡುತ್ತಿಲ್ಲ. ಸೂಪು ಇಡುತ್ತೇನೆ, ಗೋಡೆಗೆ ತಿರುಗುತ್ತಾಳೆ. ಬಟ್ಟಲು ಮಾತ್ರ ಖಾಲಿಯಾಗುತ್ತದೆ. ಸಾಕು.

ನಿನ್ನೆ ಕಿಟಕಿಗೆ ಕಂಬಳಿ ಹೊಡೆದವನು ರೋಮನ್. ಬೆಳಕು ಎಲ್ಲೆಲ್ಲಿ ನುಸುಳುತ್ತದೆ ಎಂದು ಅವನಿಗೆ ಗೊತ್ತು. ಇವತ್ತು ಟೀ ಒಯ್ದವಳು ಲೆಸ್ಯಾ. ನನ್ನ ಕೈಯಿಂದ ಕಪ್ಪು ಕಿತ್ತುಕೊಂಡು, "ನೀನು ಹೋಗ್ಬೇಡ, ನಿನ್ನ ಕಂಡ್ರೆ ಅವಳ ತಲೆನೋವು ಜಾಸ್ತಿಯಾಗತ್ತೆ" ಎಂದಳು. ಒಳಗೆ ಹೋದವಳು ಇನ್ನೂ ಬಂದಿಲ್ಲ. ಏನೋ ಗುಸುಗುಸು. ಬಾಗಿಲು ಅರ್ಧ ತೆರೆದಿದೆ. ನಾಯಿ ಇಲ್ಲೇ, ಮೇಜಿನ ಕೆಳಗೆ, ನನ್ನ ಕಾಲ ಮೇಲೆ.

ಹಿಟ್ಟು ನಾದಬೇಕು. ಕ್ಯಾಂಟೀನಿಗೆ ಬಾ ಎಂದು ಸ್ಟೆಫ್ಕಾ ಹೇಳಿ ಕಳಿಸಿಲ್ಲ. ಕಳಿಸದಿದ್ದರೂ ಹೋಗುತ್ತೇನೆ, ಅವಳ —

ಕರೆದಳು ಒಫೆಲಿ. ಒಳಗಿನಿಂದ. ನನ್ನನ್ನಲ್ಲ. ನಾಯಿಯನ್ನು — ಮೂಗಿನಲ್ಲಿ, ರಾಗವಾಗಿ, ಹೆಸರು ಹಿಡಿದು —