ರಂಜಕದ ಭರಣಿ ತೊಳೆಯಬೇಡ

ಬ್ಯಾಡಗಿ,
೨೨೧೮ನೇ ಇಸವಿ, ಹದಿಮೂರನೇ ತಿಂಗಳು, ನಲವತ್ತನೇ ದಿನ

ಸುರೇಖಾ,

ಅಜ್ಜಿ ಎನ್ನೋಣವೆಂದರೆ ನಿನಗಿನ್ನೂ ಮೂವತ್ತನಾಲ್ಕು. ನಾನು ಅರವತ್ತರವಳು, ನಿನ್ನ ಮರಿಮೊಮ್ಮಗಳ ಮೊಮ್ಮಗಳು. ಹಾಗಾಗಿ ಹೆಸರು ಹಿಡಿದೇ ಕರೆಯುತ್ತೇನೆ. ಬೇಸಿಗೆ ಹಿಗ್ಗಿ ಹಿಗ್ಗಿ ವರ್ಷ ಹನ್ನೆರಡು ತಿಂಗಳಿಗೆ ಹಿಡಿಸದೆ ಹೋಯಿತು, ಅದಕ್ಕೇ ಈ ತಾರೀಖು. ನನ್ನ ಪದಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸು. ಸಿಟ್ಟು ಮಾತ್ರ ನಿನ್ನ ಕಾಲದ್ದೇ, ಅದು ಅರ್ಥವಾಗುತ್ತದೆ.

ಮೆಣಸಿನಕಾಯಿ ಮಾರ್ಕೆಟ್ಟಿನ ಹಿಂದೆ ನಾಲ್ಕು ಮೇಜು ಹಾಕಿ ‘ಕೊರಿಯಾ ಖಾನಾವಳಿ’ ಶುರುಮಾಡಿದೆಯಲ್ಲ, ಭಲೇ. ಕೊರಿಯಾದವರ ಕೆಂಪು ಮೆಣಸಿನ ಹುದುಗು ಸಿಗದಿದ್ದಾಗ ನಿನ್ನ ಅತ್ತೆ ಗೌರವ್ವ ಕುಟ್ಟಿದ ರಂಜಕ ಹಾಕಿದೆ: ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ನಿಂಬೆರಸ. ಕೋಸು ಹುಳಿಬರಿಸಿದ ಕಿಮ್ಚಿಗೂ ಅದೇ, ಅನ್ನದ ಬಟ್ಟಲಿಗೂ ಅದೇ. ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಹಮಾಲರು ಆ ಕಿಮ್ಚಿಯನ್ನು ಜೋಳದ ರೊಟ್ಟಿಯಲ್ಲಿ ಸುತ್ತಿಕೊಂಡು ತಿಂದರು. ಗೌರವ್ವ ರಂಜಕದ ಭರಣಿಯನ್ನು ಎಂದೂ ತೊಳೆದವಳಲ್ಲ. ತಳದಲ್ಲಿ ಹಳೆಯದು ಒಂದಿಷ್ಟು ಉಳಿಸಿ, ಹೆಪ್ಪಿನ ಹಾಗೆ, ಹೊಸದನ್ನು ಅದರ ಮೇಲೇ ತುಂಬುವುದು ಅವಳ ತವರಿನಿಂದ ಬಂದ ಪದ್ಧತಿ.

ಈಗ ಹುಬ್ಬಳ್ಳಿಯಲ್ಲಿ ಎರಡನೇ ಅಂಗಡಿ ತೆರೆಯಲು ಹೊರಟಿದ್ದೀಯ. ಯಾವನೋ ಸಲಹೆಗಾರ ಬಂದು, “ಮೇಡಂ, ಇದು ಅಪ್ಪಟ ಕೊರಿಯನ್ ಅಲ್ರೀ, ಮಂದಿ ನಗ್ತಾರ” ಅಂದ. ನೀನು ತಲೆಯಾಡಿಸಿದೆ. ಥೂ! ಅವನು ಕೊರಿಯಾ ನೋಡಿದ್ದನೇ? ಗೌರವ್ವ ಅಂದದ್ದನ್ನು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ: “ಅವ್ರದು ಅವ್ರು ಮಾಡ್ಲಿ, ನೀ ನಿಂದು ಮಾಡವಾ.” ಕೇಳಿಸಿಕೊಂಡೆಯಾ? ಇಲ್ಲ. ನಾಳೆ ಆ ಭರಣಿಯನ್ನು ಸೋಪು ಹಾಕಿ ತಿಕ್ಕಿ, ಹೊಸ ಅಂಗಡಿಯ ಬಾಗಿಲಲ್ಲಿಟ್ಟು ಪ್ಲಾಸ್ಟಿಕ್ ಹೂವು ಸಿಕ್ಕಿಸುತ್ತೀಯ. ರಂಜಕದ ಬದಲು ಕೊರಿಯಾದ ಡಬ್ಬಿಯ ಪೇಸ್ಟು ತರಿಸುತ್ತೀಯ. ಗೌರವ್ವ ಅಲ್ಲಿಂದ ಮುಂದೆ ಒನಕೆ ಮುಟ್ಟುವುದಿಲ್ಲ. ಕಲಿಸು ಎಂದು ಅವಳನ್ನು ಯಾರೂ ಕೇಳುವುದಿಲ್ಲ.

ನಮ್ಮ ಕಾಲದಲ್ಲಿ ‘ರುಚಿಹಕ್ಕು’ ಎಂಬುದಿದೆ. ತನ್ನದೇ ಆದ ಹುದುಗನ್ನು ಜೀವಂತವಾಗಿ ತೋರಿಸಿದ ಅಡಿಗೆಮನೆಗಷ್ಟೇ ಒಲೆ ಹಚ್ಚುವ ಹಕ್ಕು. ಉಳಿದವು ‘ನಕಲುಮನೆ’ಗಳು. ಅಲ್ಲಿ ಕೊಳವೆಸಾರು ಬಡಿಸಬೇಕು, ಅಂದರೆ ನಲ್ಲಿ ತಿರುಗಿಸಿದರೆ ಬರುವ ಊಟ: ಬೆಳಿಗ್ಗೆ ಕೆಂಪು, ಸಂಜೆ ಹಳದಿ, ಎಲ್ಲ ಊರಲ್ಲೂ ಒಂದೇ ರುಚಿ. ಮಕ್ಕಳು ಬಣ್ಣದ ಹೆಸರು ಹೇಳಿ ಊಟ ಕೇಳುತ್ತವೆ. ಈಗ ನಾನು ನಡೆಸುವ ನಿನ್ನ ಖಾನಾವಳಿಗೆ ಮೊನ್ನೆ ತಪಾಸಣೆಗೆ ಬಂದವಳು ಕೊರಿಯಾದವಳೇ, ಹಾನುಲ್ ಎಂದು ಹೆಸರು, ಇಲ್ಲೇ ಬೆಳೆದವಳು. ನಿನ್ನಿಂದ ಬಂದ ಅಪ್ಪಟ ಕಿಮ್ಚಿಯನ್ನು ಹೆಮ್ಮೆಯಿಂದ ಮುಂದಿಟ್ಟೆ. ಒಂದು ತುತ್ತು ತಿಂದು ಮೆತ್ತಗೆ ಕೇಳಿದಳು: “ಇದು ನಮ್ದಾತ್ರೀ. ನಿಮ್ದೇನೈತಿ?” ನಕಲುಮನೆ ಎಂದು ಬರೆದುಕೊಂಡು ಹೋದಳು. ನಾಡಿದ್ದು ನಮ್ಮ ಒಲೆ ಕಿತ್ತು ಕೊಳವೆ ಜೋಡಿಸುತ್ತಾರೆ.

ಅವಳು ಹೋದ ಮೇಲೆ ಅಟ್ಟದಿಂದ ನಿನ್ನ ಭರಣಿ ಇಳಿಸಿದೆ. ಇನ್ನೂ ಇದೆ. ಹೂವೂ ಇದೆ, ಆ ದರಿದ್ರ ಪ್ಲಾಸ್ಟಿಕ್ಕಿಗೆ ಸಾವೆಲ್ಲಿ! ಕಿತ್ತೆಸೆದು ಒಳಗೆ ಮೂಗಿಟ್ಟೆ, ಬೆಳ್ಳುಳ್ಳಿಯ ವಾಸನೆಯಾದರೂ ಉಳಿದಿದ್ದೀತೆಂದು. ಏನೂ ಇರಲಿಲ್ಲ. ಅಷ್ಟು ಚೊಕ್ಕವಾಗಿ ತೊಳೆದಿದ್ದೀಯ, ಮಹಾರಾಯ್ತಿ.

ಬೈದದ್ದು ಸಾಕು, ಈಗ ಬೇಡಿಕೊಳ್ಳುತ್ತೇನೆ. ಹುಬ್ಬಳ್ಳಿಗೆ ಹೋಗು, ಹತ್ತು ಅಂಗಡಿ ತೆರೆ, ನನ್ನ ಅಡ್ಡಿಯಿಲ್ಲ. ಆದರೆ ಆ ಸೋಪು ಕೆಳಗಿಡು. ಗೌರವ್ವನನ್ನು ಕರೆ. ಒನಕೆ ನೀನು ಹಿಡಿ.

ನಿನ್ನ ಒಲೆಯ ಮುಂದೆ ಕೊನೆಯದಾಗಿ ಕುಳಿತವಳು,
ದಾನಮ್ಮ