ಹನ್ನೊಂದು ಮಂದಿ ಇನ್ನೂರಾದಾಗ

ಕಾಸಾರಶಿರಸಿ
೧೪ ಆಗಸ್ಟ್ ೨೦೨೪

ಗೆಳೆಯ ಕಾಶೆಪ್ಪನಿಗೆ, ಬೀರಪ್ಪನನ್ನು ನೆನೆದು ನಾಗಣ್ಣನ ನಮಸ್ಕಾರ.

ಬರೆಯಲು ಎರಡು ತಿಂಗಳು ತಡವಾಯಿತು, ಬೇಕಾದರೆ ಬೈದುಕೋ. ಫೋನ್ ಹಚ್ಚಿದರೆ ಕುರಿ, ಮಳೆ, ಮೊಣಕಾಲು ನೋವಿನಲ್ಲೇ ಮಾತು ಮುಗಿಯುತ್ತದೆ. ಅದಕ್ಕೇ ಕಾಗದ ಹಿಡಿದೆ. ನೀನು ನಮ್ಮ ವಾಟ್ಸಾಪ್ ಗುಂಪಿಗೆ ತಿರುಗಿ ಬರಬೇಕು, ಅದು ಮೊದಲ ಮಾತು.

ಡೊಳ್ಳಿನ ಹಾಡಿಗೆಂದು ನೀನೇ ಕಟ್ಟಿದ ಗುಂಪು. ಹನ್ನೊಂದು ಮಂದಿ ಇದ್ದೆವು. ಹಾಡಿನ ಸವಾಲಿಗೆ ಹಾಡಿನಲ್ಲೇ ಜವಾಬು. ತುಂಡು ತುಂಡಾಗಿ ಕಳಿಸುವ ಹಾಡು ಮುಗಿಯುವ ತನಕ ಯಾರೂ ನಡುವೆ ಬಾಯಿ ಹಾಕಬಾರದು. ಈ ಬೇಸಿಗೆಯಲ್ಲಿ ನಿಲಂಗಾ, ಉದಗೀರ ಕಡೆಯ ಇನ್ನೂರು ಜನ ನುಗ್ಗಿದರು. ಬೆಳಗಾದರೆ ಗುಲಾಬಿ ಚಿತ್ರ, ಮರಾಠಿ ಜೋಕು. ಸುವರ್ಣಾ ಎಂಬ ಉದಗೀರದ ಹುಡುಗಿಯಂತೂ ನಿನ್ನ ಹಾಡಿನ ನಡುವೆಯೇ ಒಂದು ಶಬ್ದದ ಅರ್ಥ ಕೇಳಿದಳು. ನಿನಗೋ ಮೂಗಿನ ತುದಿಯಲ್ಲೇ ಸಿಟ್ಟು. "ಇದು ಗುಡಿ ಇದ್ದಂಗ ಅದ, ಎಸ್ಟಿ ಬಸ್ ಸ್ಟ್ಯಾಂಡ್ ಅಲ್ಲ!" ಎಂದು ಗುಡುಗಿ ಗುಂಪು ಬಿಟ್ಟೆ. ಇವರನ್ನೆಲ್ಲ ಕರೆತಂದವನು ನಿನ್ನ ತಮ್ಮ ಜ್ಞಾನೇಶ್ವರನೇ ಎಂದು ಅವನ ಮನೆಯ ಹೊಸ್ತಿಲು ತುಳಿಯುವುದನ್ನೂ ಬಿಟ್ಟೆ.

ಆ ಹುಡುಗಿ ಮಾತ್ರ ಬಿಟ್ಟು ಹೋಗಲಿಲ್ಲ ಮಾರಾಯ. "ಕಾಕಾ, ನಂಗ ಕನ್ನಡಾ ಓದ್ಲಾಕ ಬರಲ್ರೀ. ಆದ್ರ ನಮ್ಮ ಆಜಿಗಿ ಹಾಡ್ ಬರ್ತಾವ" ಎಂದಳು. ಮೊದಲ ಕಂಬಳಿಗೆ ಉಣ್ಣೆ ಕೊಟ್ಟ ಕುರಿ ಎಂಥದೆಂದು ನೀನು ಸವಾಲು ಹಾಡಿ ಮೂರು ವರ್ಷವಾಗಿತ್ತು, ನಮ್ಮಲ್ಲಿ ಒಬ್ಬನಿಗೂ ಜವಾಬು ಹೊಳೆದಿರಲಿಲ್ಲ. ಫೋನನ್ನೇ ಮುಟ್ಟದ ಅವಳಜ್ಜಿ ಭಾಗೀರಥಿಬಾಯಿ, ಮೊಮ್ಮಗಳು ಹಿಡಿದ ಫೋನಿಗೆ ಹಾಡಿದಳು: "ಹಗಲ ಒಂದ್ ಮಗ್ಗಲಾ, ಇರುಳ ಒಂದ್ ಮಗ್ಗಲಾ." ಅರ್ಧ ಬಿಳಿ, ಅರ್ಧ ಕರಿ ಕುರಿ! ಕೇಳಿ ನನ್ನ ಕಣ್ಣು ತುಂಬಿತು. ಎಂಥ ಜನ ಬಂದಿದ್ದಾರೆ ನಮ್ಮಲ್ಲಿಗೆ!

ನಿನ್ನೆ ಒಬ್ಬ ಹೊಸಬ ಹಾಡಿನ ನಡುವೆ ಚಪ್ಪಾಳೆ ಕಳಿಸಿದ್ದೇ ತಡ, ಸುವರ್ಣಾ ಗದರಿದಳು: "ಥಾಂಬ್ ರೇ! ಹಾಡ್ ಮುಗೀಲಿ. ಇದು ಕಾಶೆಪ್ಪ ಕಾಕಾನ ನಿಯಮ ಅದ." ನಿನ್ನ ಮುಖವನ್ನೇ ನೋಡದವಳು.

ಸೊಸೆ ಅನುಸೂಯಾಳಿಗೆ ಆಶೀರ್ವಾದ ತಿಳಿಸು. ಬೀರಪ್ಪ ನಿನ್ನ ಕಂಠವನ್ನೂ ಕುರಿಗಳನ್ನೂ ಕಾಯಲಿ.

ನಿನ್ನ
ನಾಗಣ್ಣ

ತಾ.ಕ.: ಅವರನ್ನು ಕರೆತಂದವನು ಜ್ಞಾನೇಶ್ವರನಲ್ಲ, ನಾನು. ನಮ್ಮಲ್ಲಿ ಮೂವರು ತೀರಿಕೊಂಡ ಮೇಲೆ ನಿನ್ನ ಹಾಡಿಗೆ ಜವಾಬೇ ಬರುತ್ತಿರಲಿಲ್ಲ. ನೀನೊಬ್ಬನೇ ಹಾಡುವುದನ್ನು ಕೇಳಲಾಗದೆ, ಉದಗೀರದ ಕುರಿ ಸಂತೆಯಲ್ಲಿ ಸಿಕ್ಕವರಿಗೆಲ್ಲ ಲಿಂಕು ಕಳಿಸಿದೆ. ಜ್ಞಾನೇಶ್ವರ ನಿನ್ನೆದುರು ಬೀರಪ್ಪನ ಭಂಡಾರದ ಅರಿಸಿನ ಮುಟ್ಟಿ ಆಣೆ ಮಾಡಿದಾಗ ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.